ಹರಿವಾಣಕ್ಕೆ ಜಾಗವಿಲ್ಲದ ಆಕಾಶದ ಹಡಗು

ಹೆಂಡತಿ ತೀರಿಕೊಂಡ ಮೇಲೆ ನನಗೆ ಊಟಕ್ಕೆ ಹೋಟೆಲು, ಮಾತಿಗೆ ಗೋಡೆ. ಕದ್ರಿಯ ಬಾಡಿಗೆ ಕೋಣೆಯಿಂದ ಹೊರಟು ಹಂಚಿನ ಕಾರ್ಖಾನೆಯಲ್ಲಿ ದಿನವಿಡೀ ಅಚ್ಚುಗಳ ನಕ್ಷೆ ಬಿಡಿಸುತ್ತಿದ್ದೆ. ಸಂಜೆ ಬಂದರಿನ ರದ್ದಿ ಅಂಗಡಿಗೆ ಹೋಗಿ, ಪರದೇಶದ ಹಡಗಿನವರು ಓದಿ ಬಿಸಾಡಿದ ಕತೆಯ ಮಾಸಪತ್ರಿಕೆಗಳನ್ನು ಹುಡುಕುತ್ತಿದ್ದೆ. ಅವುಗಳ ಮುಖಪುಟದಲ್ಲಿ ನಕ್ಷತ್ರಗಳಿಗೆ ಹೋಗುವ ಹಡಗುಗಳ ಚಿತ್ರ ಇರುತ್ತಿತ್ತು. ನಲವತ್ತು ದಾಟಿದವನಿಗೆ ಇದೆಂಥ ಹುಚ್ಚು ಎಂದು ಕಾರ್ಖಾನೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರ ಇಸ್ಪೀಟಿಗಿಂತ ಇದೇನೂ ಕಡೆಯಲ್ಲ.

ಆ ಹುಚ್ಚಿಗೆ ಜೊತೆಯಾದವರು ಕುದ್ರೋಳಿಯ ಒಬ್ಬ ಬ್ಯಾರಿ; ಸರಕು ಸಾಗಿಸುವ ಮಂಜಿಯೊಂದನ್ನು ನಡೆಸುವ ತಂಡೇಲರು. ಮಳೆಗಾಲದಲ್ಲಿ ಹಾಯಿಹಡಗು ಕಡಲಿಗಿಳಿಯುವಂತಿಲ್ಲ. ಮಂಜಿಯನ್ನು ದಡಕ್ಕೆಳೆದು ಹೆಣೆದ ತೆಂಗಿನ ಮಡಲು ಹೊದಿಸಿಬಿಟ್ಟರೆ ತಂಡೇಲರಿಗೆ ಕೆಲಸವಿಲ್ಲ, ನನಗೆ ಮಾತಿಗೆ ಜನ ಉಂಟು. ಚಹಾದಂಗಡಿಯ ಬೆಂಚಿನ ಮೇಲೆ ಚಿತ್ರಗಳನ್ನು ಹರಡಿ ವಾದಕ್ಕೆ ಕೂರುತ್ತಿದ್ದೆವು.

ಅಮೆರಿಕದವರ ಹಡಗು ತೆಳ್ಳಗೆ. ಚೂಪು ಮೂಗು, ಬಾಲಕ್ಕೆ ಮೀನಿನ ರೆಕ್ಕೆ. ಅನಗತ್ಯ ಗೆರೆ ಒಂದೂ ಇಲ್ಲ, ನನಗೆ ಅದೇ ಇಷ್ಟ. ಇಂಗ್ಲಿಷರದ್ದು ಹೊಟ್ಟೆ ಉಬ್ಬಿದ ಬಾಯ್ಲರು. ಮೈತುಂಬ ಮೊಳೆ, ದುಂಡು ಕಿಟಕಿ, ಒಳಗೆ ಮೇಜು ಕುರ್ಚಿಗಳ ಸಂಸಾರ. ತಂಡೇಲರು ಸದಾ ಬಾಯ್ಲರಿನ ಪಕ್ಷ. ಕಾರ್ಖಾನೆಯಲ್ಲಿ ಕಾಗದದ ಕೆಲಸದವನೆಂದು ನನ್ನನ್ನು ರೈಟ್ರು ಎನ್ನುತ್ತಿದ್ದರು.

"ನಿಮ್ಮ ಈ ಸೂಜಿಯಲ್ಲಿ ಹರಿವಾಣ ಇಡುವುದೆಲ್ಲಿ ರೈಟ್ರೇ?"

ಅವರ ಮಂಜಿಯಲ್ಲಿ ಊಟಕ್ಕೆ ಒಂದೇ ದೊಡ್ಡ ಹರಿವಾಣ. ಎಲ್ಲರೂ ಸುತ್ತ ಕೂತು ಅದರಿಂದಲೇ ಉಣ್ಣಬೇಕು. ಕೊನೆಯವನು ಬಂದು ಕೂರುವವರೆಗೆ ತಂಡೇಲರೂ ಅನ್ನಕ್ಕೆ ಕೈ ಹಾಕುವಂತಿಲ್ಲ.

"ನಕ್ಷತ್ರಕ್ಕೆ ಹೋಗುವವರಿಗೆ ಅನ್ನದ ಚಿಂತೆಯಾ?" ಎಂದು ನಾನು ರೇಗಿಸುತ್ತಿದ್ದೆ.

"ಮತ್ತೆಂತ ಮಾರಾಯ್ರೆ! ದೂರ ಹೋದಷ್ಟು ಹಸಿವು ಜಾಸ್ತಿ."

ಒಂದು ಮಳೆಗಾಲ ನಾನೇ ಒಂದು ಹಡಗಿನ ನಕ್ಷೆ ಬಿಡಿಸಿದೆ. ಒಳಭಾಗವೂ ಕಾಣುವಂತೆ, ಕಲಿತ ವಿದ್ಯೆಯನ್ನೆಲ್ಲ ಸುರಿದು ಬಿಡಿಸಿದ್ದೆ. ಜಂಬದಿಂದ ಅವರ ಮುಂದಿಟ್ಟೆ. ತಂಡೇಲರು ಕಾಗದವನ್ನು ಕಣ್ಣಿನ ತೀರ ಹತ್ತಿರಕ್ಕೆ ಹಿಡಿದು ಮೂಲೆ ಮೂಲೆ ನೋಡಿದರು.

"ಚಂದ ಉಂಟು. ಆದರೆ ಇದರಲ್ಲಿ ಒಂದೇ ಕುರ್ಚಿ ಉಂಟಲ್ಲ?"

ನಾನು ಗಮನಿಸಿಯೇ ಇರಲಿಲ್ಲ. ಬಿಡಿಸುವಾಗ ಇನ್ನೊಬ್ಬರು ಬರಬಹುದೆಂಬ ಯೋಚನೆಯೇ ಸುಳಿದಿರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಕ್ಷೆಯನ್ನು ಸುರುಳಿ ಸುತ್ತತೊಡಗಿದೆ. ಅವರು ನನ್ನ ಮುಖ ನೋಡದೆ ಇನ್ನೆರಡು ಚಹಾ ಹೇಳಿದರು.

"ಬರುವ ಮಳೆಗಾಲಕ್ಕೆ ಸರಿ ಮಾಡಿಡಿ. ನಾನು ನೋಡ್ತೇನೆ."

ಮಳೆ ಮುಗಿದು ಮಂಜಿ ಹೊರಟಿತು. ಆ ಬೇಸಿಗೆಯಿಡೀ ನಾನು ನಕ್ಷೆ ತಿದ್ದಿದೆ. ಹಡಗಿನ ಹೊಟ್ಟೆ ಹಿಗ್ಗಿಸಿ, ನಡುವೆ ಹರಿವಾಣಕ್ಕೆ ಜಾಗ ಬಿಟ್ಟು, ಸುತ್ತಲೂ ಕೂರುವ ಹಲಗೆ ಹಾಕಿದೆ. ಥೇಟು ಬಾಯ್ಲರೇ ಆಯಿತು. ನನ್ನ ಕಣ್ಣಿಗೆ ಕುರೂಪ, ಆದರೂ ತೋರಿಸುವ ಆತುರ ತಡೆಯಲಾಗುತ್ತಿರಲಿಲ್ಲ.

ಮಳೆಗೆ ಮುಂಚೆ ಮಂಜಿ ಬಂತು, ತಂಡೇಲರು ಬರಲಿಲ್ಲ. ಅವರ ಕಣ್ಣು ಪೂರ್ತಿ ಹೋಗಿದೆಯಂತೆ, ಮಲಬಾರಿನ ಮಗಳ ಮನೆಯಲ್ಲೇ ಉಳಿದರಂತೆ. ಹೊಸ ತಂಡೇಲ ಇಷ್ಟು ಹೇಳಿ ಹಗ್ಗ ಸುತ್ತುವುದಕ್ಕೆ ಹೋದ.

ನಕ್ಷೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡೇ ಹೋಟೆಲಿಗೆ ಹೋದೆ. ಎಲೆಗೆ ಅನ್ನ ಬಡಿಸಿದರು, ಸಾರು ಹಾಕಿದರು. ನಾನು ಬಹಳ ಹೊತ್ತು ಕೈ ಹಾಕದೆ ಕೂತಿದ್ದೆ.