ವೆಲ್ಲಿಂಗಿರಿಯ ನಿಲ್ಲದ ಮಗ್ಗ

ವೆಲ್ಲಿಂಗಿರಿಗೆ ಮನುಷ್ಯರಿಗಿಂತ ಮಗ್ಗ ಮುಖ್ಯ. ಇದರಲ್ಲಿ ಎರಡನೆಯ ಮಾತಿಲ್ಲ. ಹೆತ್ತ ತಾಯಿಯ ತಿಥಿಯಂದೂ ಪುರೋಹಿತರು ಹೊರಟು ಹೊಸಿಲು ದಾಟುವ ಮೊದಲೇ ಲಾಳಿ ಎಸೆದವನು. ಮುರಿದರೆ ಮಾತ್ರ ಮಗ್ಗ ನಿಲ್ಲಬೇಕು ಎಂಬುದು ಅವನ ಏಕೈಕ ಸಿದ್ಧಾಂತ.

೧೯೮೬ರ ಬೇಸಿಗೆಯಲ್ಲಿ, ಕೊಯಮತ್ತೂರಿನ ಕಾಲೇಜಿನಲ್ಲಿ ಜೀವರಸಾಯನ ಓದುತ್ತಿದ್ದ ಮಗಳು ಮಲ್ಲಿಗಾ ಮೈತುಂಬ ಸೀತಾಳೆ ಸಿಡುಬು ಹೊತ್ತು ಪೆರಿಯನಾಯಕನಪಾಳ್ಯಂನ ಮನೆಗೆ ಬಂದಳು. ತಾಯಿ ನಾಚಿಯಮ್ಮ ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಗಂಡನತ್ತ ತಿರುಗಿದಳು.

"ಏನುಂಗ, ಮಾರಿಯಾತಾ ತಾಯಿ ಮನೆಗೆ ಬಂದವ್ಳೆ. ಸದ್ದಾಗ್ಬಾರ್ದು. ಮಗ್ಗ ನಿಲ್ಸಿ."

"ಬಂದವ್ಳು ಕೂತಿರ್ಲಿ. ವೆಳ್ಳಕೋಯಿಲ್ ಊರಿನವ್ರ ಮದುವೆ ಸೀರೆ ಶುಕ್ರವಾರಕ್ಕೆ ಅಂತ ಮಾತು ಕೊಟ್ಟಿವ್ನಿ."

ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಅಟ್ಟೆಗಳ ಮಾಲೆ ತಿರುಗುತ್ತಿತ್ತು. ಯಾವ ಎಳೆ ಏಳಬೇಕೆಂದು ಹೇಳುವುದು ಆ ಅಟ್ಟೆಗಳೇ. ಪ್ರತಿ ಏಟಿಗೂ ಮಲ್ಲಿಗಾಳ ತಲೆ ಸಿಡಿಯುತ್ತಿತ್ತು. ಜ್ವರ ಏರಿತ್ತು, ನಿದ್ದೆಯಿರಲಿಲ್ಲ.

"ಏನ್ ಕಣ್ಣು ಮಗಳೇ, ಇಷ್ಟೆಲ್ಲ ಓದಿದ್ದೀಯ, ಮೈ ಯಾಕೆ ಏಳ್ತಿಲ್ಲ?" ಎಂದು ವೆಲ್ಲಿಂಗಿರಿ ಕೂತಲ್ಲಿಂದಲೇ ಕೂಗಿದ.

"ಅಪ್ಪಾ, ಕಳ್ಳ ಒಬ್ಬ ನಿಮ್ ಮಗ್ಗಕ್ಕೆ ತನ್ನ ಅಟ್ಟೆ ಸಿಕ್ಕಿಸಿದ್ರೆ?"

"ಕೈ ಮುರೀತೀನಿ."

"ವೈರಸ್ ಮಾಡೋದು ಅದನ್ನೇ. ಜೀವಕೋಶದೊಳಗೆ ನುಗ್ಗಿ ತನ್ನ ಸೀರೆ ನೇಯಿಸ್ಕೊಳ್ಳುತ್ತೆ. ಅಲ್ಲೊಂದು ಕಿಣ್ವ ಕಾವಲಿಗಿದೆ. ಕಳ್ಳನ ಅಟ್ಟೆ ಕೈಗೆ ತಗಲಿದ್ರೆ ಇನ್ನೊಂದು ಕಿಣ್ವಾನ ಎಬ್ಬಿಸುತ್ತೆ. ಆ ಎರಡನೇದು ಕತ್ತರಿ. ಅಟ್ಟೆ ಎಲ್ಲ ಕತ್ತರಿಸಿ ಹಾಕುತ್ತೆ. ಪಕ್ಕದ ಕೋಶಗಳಿಗೂ ಸುದ್ದಿ ಹೋಗುತ್ತೆ, ಅಮ್ಮ ಬೇವು ಕಟ್ದಂಗೆ."

"ಕಳ್ಳಂದು ಮಾತ್ರ ತಾನೆ?"

"ಸ್ವಂತದ್ದೂ. ನೇಯ್ಗೆ ನಿಂತ್ರೆ ತಾನೆ ಕಳ್ಳನ ಸೀರೆ ನಿಲ್ಲೋದು?"

ವೆಲ್ಲಿಂಗಿರಿಯ ಲಾಳಿ ಕೈಯಲ್ಲೇ ಉಳಿಯಿತು. "ಸ್ವಂತ ಅಟ್ಟೆ ಕತ್ತರಿಸೋದಾ! ಬುದ್ಧಿ ಕೆಟ್ಟ ಜನ್ಮ. ಅದಕ್ಕೇನು, ಗಿರಾಕಿ ಕಾಟವಾ?"

ಮತ್ತೆ ಲಾಳಿ ಓಡಿತು. ಮಲ್ಲಿಗಾ ಕಿವಿಗೆ ದಿಂಬು ಒತ್ತಿಕೊಂಡು ಗೋಡೆಗೆ ಹೊರಳಿದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅವಳು ಸಂಜೆಯವರೆಗೂ ನಿದ್ದೆ ಮಾಡಿದಳು, ಮರುದಿನವೂ ನಿದ್ದೆ ಮಾಡಿದಳು. ನಾಚಿಯಮ್ಮ ಮಾರಿಯಾತಾಳಿಗೆ ಅಂಬಲಿ ಎರೆಯುವ ಹರಕೆ ಹೊತ್ತಳು.

ಗುರುವಾರ ಸೀರೆ ವ್ಯಾಪಾರಿಯ ಆಳು ಶಣ್ಮುಗಂ ಬಂದು, ಬೇವು ಕಂಡು ಹೊಸಿಲಾಚೆಯೇ ನಿಂತ.

"ಏನುಂಗಣ್ಣಾ, ಮಗ್ಗ ಸುಮ್ಕಿದೆ?"

"ಅಟ್ಟೆ ಕೋದ ದಾರ ಇಲಿ ಕಡಿದ್ಬಿಡ್ತಪ್ಪ. ಮತ್ತೆ ಕೋಯಕ್ಕೆ ವಾರ ಬೇಕು. ಮುರಿದ ಮಗ್ಗ ಓಡುತ್ತಾ?"

ಶಣ್ಮುಗಂ ಕತ್ತು ಚಾಚಿ ಜೋತಾಡುತ್ತಿದ್ದ ದಾರಗಳನ್ನು ನೋಡಿದ. "ನಿಮ್ಮನೆ ಇಲಿ ಬಲು ನೀಟುಂಗಣ್ಣಾ! ಎಲ್ಲ ಒಂದೇ ಅಳತೆಗೆ ಕಡಿದದೆ."

"ಮೆಲ್ಲಗೆ ಮಾತಾಡೋ, ಮಗು ಮಲಗಿದೆ" ಎನ್ನುತ್ತ ವೆಲ್ಲಿಂಗಿರಿ ಸೊಂಟದಲ್ಲಿದ್ದ ಕತ್ತರಿಯನ್ನು ವೇಷ್ಟಿಯೊಳಗೆ ಇನ್ನಷ್ಟು ತುರುಕಿಕೊಂಡ.