ಬಂಗುಡೆಗೆ ದೃಷ್ಟಿ ತೆಗೆದದ್ದು

ಆ ಗುರುವಾರ ನಮ್ಮ ಬಂಗುಡೆ ಬಂಗುಡೆಯನ್ನು ಕದ್ದಿತು.

(ಗೊಂದಲ ಬೇಡ. ಮೊದಲನೆಯದು ಬೆಕ್ಕು, ಎರಡನೆಯದು ಮೀನು. ಅಬುಧಾಬಿಯ ಮೀನಾ ಬಂದರಿನ ಮಾರ್ಕೆಟ್ಟಿಗೆ ಮೀನು ತರಲು ಹೋದ ನನ್ನ ಗಂಡ ಕೆಲವು ವರ್ಷಗಳ ಹಿಂದೆ ಮೀನಿನ ಜೊತೆ ಒಂದು ಮರಿಯನ್ನೂ ತಂದಿದ್ದರು. ಹೆಸರು ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ.)

ಕರಿದ ಮೀನನ್ನು ಬಾಯಲ್ಲಿ ಕಚ್ಚಿಕೊಂಡು ಅದು ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲು ದಾಟಿ ಓಡಿತು. ಹೊರಗೆ ಎದುರು ಮನೆಯ ಡಾಕ್ಟರ್ ಸುನಂದಾ ಲಿಫ್ಟಿಗೆ ಕಾಯುತ್ತಿದ್ದರು. ವಿಜಯಪುರದವರು, ಮನುಷ್ಯರ ಡಾಕ್ಟರ್.

"ಅಯ್ಯ, ಎಷ್ಟ್ ಗುಂಡಗ ಆಗೇತ್ರೀ ನಿಮ್ಮ ಬೆಕ್ಕು! ಭಾಳ ಗಟ್ಟಿ ಐತಿ ನೋಡ್ರಿ," ಎಂದು ಅದರ ಬೆನ್ನು ಸವರಿದರು.

ನಾನು ನಕ್ಕೆ. ನನ್ನ ಅತ್ತೆ ನಗಲಿಲ್ಲ. ವಿಸಿಟ್ ವೀಸಾದಲ್ಲಿ ಉಡುಪಿ ಕಡೆಯಿಂದ ಬಂದವರು. "ಮನೆಯೊಳಗೆ ಎಂತದು ಪುಚ್ಚೆ?" ಎಂದು ಬಂದ ದಿನ ಮೂಗು ಮುರಿದಿದ್ದರು. ಈಗ ಅದೇ ಬೆಕ್ಕಿಗೆ ಮುಳ್ಳು ತೆಗೆದು ತಿನ್ನಿಸುತ್ತಿದ್ದರು.

ಮರುದಿನ ಮಧ್ಯಾಹ್ನ, ಶುಕ್ರವಾರದ ಅರ್ಧ ದಿನದ ಕೆಲಸ ಮುಗಿಸಿ ಗಂಡ ಊಟಕ್ಕೆ ಕುಳಿತಿದ್ದಾಗ, ಸೋಫಾದ ಹಿಂದಿನಿಂದ ಒಂದು ಕೂಗು ಕೇಳಿಸಿತು. ನಮ್ಮ ಬೆಕ್ಕಿನ ಗಂಟಲಲ್ಲಿ ಅಂಥ ಸ್ವರ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಬಂಗುಡೆ ಮುಂಗಾಲುಗಳ ಮೇಲೆ ತೆವಳುತ್ತಾ ಬಂತು. ಹಿಂಗಾಲು ಎರಡೂ ಒದ್ದೆ ಬಟ್ಟೆಯಂತೆ ನೆಲಕ್ಕೆ ಉಜ್ಜಿಕೊಂಡು ಬರುತ್ತಿದ್ದವು.

ತಕ್ಷಣ ಮನೆಯಲ್ಲಿ ಮೂವರು ತಜ್ಞರು ಹುಟ್ಟಿದರು.

"ಹಾರುವಾಗ ಉಳುಕಿದೆ ಮಾರಾಯ್ತಿ, ಎಣ್ಣೆ ತಾ," ಎಂದರು ಗಂಡ.

"ಪಪ್ಪಾ, ಡೋಂಟ್ ರಬ್ ಇಟ್! ಕಾಲ್ ದ ವೆಟ್!" ಎಂದಳು ಮಗಳು.

ಅತ್ತೆ ಇಬ್ಬರನ್ನೂ ಪಕ್ಕಕ್ಕೆ ಸರಿಸಿದರು. "ನಿನ್ನೆ ಆ ಡಾಕ್ಟ್ರಮ್ಮ ಹೊಗಳಿದ್ದು ಕೇಳಿದ್ದೀರಲ್ಲ? ದೃಷ್ಟಿ ತಾಗಿದ್ದೇ ಇದು."

(ಮಗಳು ಹೇಳಿದ್ದೇ ಸರಿ. ಆದರೆ ಮಕ್ಕಳ ಮಾತನ್ನು ನಮ್ಮಲ್ಲಿ ಯಾರು ಕೇಳುತ್ತಾರೆ?)

ಉಪ್ಪು, ಒಣಮೆಣಸು ಬಂತು. ಅತ್ತೆ ನಿವಾಳಿಸಿದರು. ಊರಲ್ಲಾದರೆ ಬಚ್ಚಲಿನ ಒಲೆಗೆ ಹಾಕಬಹುದು. ಇಲ್ಲಿ? ಗ್ಯಾಸಿನ ಮೇಲೆ ಕಾವಲಿ ಇಟ್ಟು ಅದಕ್ಕೇ ಹಾಕಿದರು. ದೃಷ್ಟಿ ತಾಗಿದ್ದರೆ ಮೆಣಸು ಸುಟ್ಟರೂ ಘಾಟು ಏಳುವುದಿಲ್ಲ, ತಾಗಿಲ್ಲದಿದ್ದರೆ ಏಳುತ್ತದೆ ಎಂಬುದು ನಮ್ಮವರ ನಂಬಿಕೆ.

ಎದ್ದಿತು ನೋಡಿ ಘಾಟು! ಅತ್ತೆ ಕೆಮ್ಮಿದರು, ನಾವು ಕೆಮ್ಮಿದೆವು, ಸೀಲಿಂಗಿನ ಸ್ಮೋಕ್ ಡಿಟೆಕ್ಟರ್ ಸುಮ್ಮನಿರುತ್ತದೆಯೇ? ಇಡೀ ಬಿಲ್ಡಿಂಗಿನ ಅಲಾರಂ ಹೊಡೆಯಿತು. ಲಿಫ್ಟ್ ನಿಂತಿತು. "ಯಲ್ಲಾ, ಯಲ್ಲಾ, ಸಬ್ ನೀಚೇ!" ಎಂದು ಸೆಕ್ಯುರಿಟಿಯವನು ಕಿರುಚಿ ಎಲ್ಲರನ್ನೂ ಕೆಳಗೆ ಹೊರಡಿಸಿದ.

ಗ್ಯಾಸ್ ಆರಿಸಿ ನಾವೂ ಹೊರಬಿದ್ದೆವು. ಅತ್ತೆ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ, ಮೇಲೆ ಸೆರಗು ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಪಕ್ಕದಲ್ಲಿ ಯಾರು? ಸುನಂದಾ. ಅತ್ತೆ ಗೋಡೆಯ ಕಡೆ ತಿರುಗಿದರು. ಸೆರಗಿನೊಳಗಿನಿಂದ ಬಂಗುಡೆ ಕೂಗಿತು.

"ಏನಾತ್ರೀ ಅಮ್ಮಾರ?" ಎನ್ನುತ್ತಾ ಸುನಂದಾ ಸೆರಗು ಸರಿಸಿ ಹಿಂಗಾಲು ಮುಟ್ಟಿದರು. ಮುಖದ ನಗು ಹೋಯಿತು. "ಐಸ್ ಆಗ್ಯಾವ್ರೀ ಕಾಲು. ಪಾದ ನೋಡ್ರಿ, ನೀಲಿ. ರಕ್ತ ಹೋಗವಲ್ದು. ಲಗೂನ ದವಾಖಾನಿಗೆ ಒಯ್ರಿ."

ನಾವೆಲ್ಲ ಅತ್ತೆಯ ಮುಖ ನೋಡಿದೆವು.

"ಎಂತ ನೋಡುದು? ಹೊರಡಿ," ಎಂದರು ಅತ್ತೆ. "ಅಷ್ಟು ಘಾಟು ಬಂತಲ್ಲ, ಇದು ದೃಷ್ಟಿ ಅಲ್ಲ. ಡಾಕ್ಟ್ರದ್ದೇ ಕೇಸು."

ಅತ್ತೆಯ ಲ್ಯಾಬ್ ರಿಪೋರ್ಟ್ ನೆಗೆಟಿವ್ ಬಂದಿತ್ತು. (ತಮ್ಮ ಮೇಲೆ ಸಂಶಯವಿತ್ತೆಂದು ಸುನಂದಾ ಅವರಿಗೆ ಇದನ್ನು ಓದಿಯೇ ತಿಳಿಯಬೇಕು. ಬೇಜಾರು ಮಾಡಿಕೊಳ್ಳಬೇಡಿ ಡಾಕ್ಟ್ರೇ, ನೀವು ಖುಲಾಸೆ.)

ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನಮ್ಮ ಸರ್‌ನೇಮ್ ಸೇರಿಸಿ "ಬಂಗುಡೆ ಶೆಟ್ಟಿ!" ಎಂದು ಕರೆದಾಗ ಅಲ್ಲಿ ಕುಳಿತಿದ್ದ ಮಂಗಳೂರಿನವರೊಬ್ಬರು ತಡೆಯಲಾಗದೆ ನಕ್ಕರು. ನಾವೂ ನಕ್ಕೆವು.

ಹೃದಯದ ಕಾಯಿಲೆ ಮೊದಲಿನಿಂದಲೇ ಇದ್ದಿರಬೇಕು ಎಂದರು ವೆಟ್. ಎಷ್ಟೋ ಬೆಕ್ಕುಗಳಲ್ಲಿ ಹೊರಗೆ ಏನೂ ಕಾಣುವುದಿಲ್ಲವಂತೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ತುಂಡು ದೊಡ್ಡ ರಕ್ತನಾಳದಲ್ಲಿ ಇಳಿದು, ಅದು ಎರಡು ಕಾಲಿಗೂ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಕೆಲವು ಬೆಕ್ಕುಗಳು ಬದುಕುತ್ತವೆ. ಇದರ ಶ್ವಾಸಕೋಶದಲ್ಲಿ ಆಗಲೇ ನೀರು ತುಂಬಿತ್ತು.

"ಮೊದಲೇ ತಂದಿದ್ದರೆ ಉಳಿಯುತ್ತಿತ್ತಾ?" ಎಂದು ಗಂಡ ಕೇಳಿದರು.

"ಹೇಳಲಾಗದು. ನೋವು ತಿನ್ನುವುದಂತೂ ಕಡಿಮೆಯಾಗುತ್ತಿತ್ತು," ಎಂದರು ವೆಟ್.

ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ, ನಮ್ಮನ್ನು ಕೇಳಿ, ಇನ್ನೊಂದು. ಅತ್ತೆಯ ಮಡಿಲಲ್ಲೇ ಉಸಿರು ನಿಂತಿತು.

ಡಾಕ್ಟರ ಬಾಗಿಲು ತಟ್ಟುವ ಮೊದಲು ನಾವು ಎಷ್ಟು ಬಾಗಿಲು ತಟ್ಟುತ್ತೇವೆ, ಅಲ್ಲವೇ? ನಿಮ್ಮ ಬೆಕ್ಕಿನ ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗಿ ತಣ್ಣಗಾದರೆ ಉಜ್ಜಬೇಡಿ, ನಿವಾಳಿಸಬೇಡಿ. ಹೊರಡಿ.

ಈಗ ಲಿಫ್ಟಿನಲ್ಲಿ ಸಿಕ್ಕವರೆಲ್ಲ, "ಇವತ್ತು ಚಿಲ್ಲಿ ಇಲ್ಲ ತಾನೆ?" ಎಂದು ಕೇಳುತ್ತಾರೆ. ನಾವು ನಗುತ್ತೇವೆ. ಅತ್ತೆಯೂ ನಗುತ್ತಾರೆ. ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ.

ಬೆಕ್ಕು ಇಲ್ಲ.