ಬೀಗದೊಳಗಿನ ಹಾಸಿಗೆ

ಕಳೆದ ವಾರ ನಾನು ಪಿ.ಟಿ. ಟೀಚರಾಗಿರುವ ಶಿಗ್ಗಾಂವಿಯ ಶಾಲೆಗೆ ಎತ್ತರ ಜಿಗಿತದ ಹಾಸಿಗೆ ಬಂತು. ಸುತ್ತಿದ ಪ್ಲಾಸ್ಟಿಕ್ಕಿನ ಮೂಲೆ ಹರಿದಿತ್ತು. ಸ್ಪಂಜಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ಇದೇ ವಾಸನೆ ದುಂಡಸಿಯಲ್ಲಿ, ನಾನು ಓದಿದ ಶಾಲೆಯ ಸಾಮಾನು ಕೋಣೆಯ ಕಿಟಕಿಯಿಂದ ಬರುತ್ತಿತ್ತು...

ನಮ್ಮ ಪಿ.ಟಿ. ಮಾಸ್ತರರು ಸಣಕಲು ಮನುಷ್ಯ. ಜಿಗಿತವನ್ನು ಕಥೆಯಂತೆ ಹೇಳುತ್ತಿದ್ದರು. ಪರದೇಶದವರೂ ಮೊದಲು ನಮ್ಮ ಹಾಗೆಯೇ ಕತ್ತರಿಯಂತೆ ಕಾಲಾಡಿಸಿ ಕೋಲು ದಾಟುತ್ತಿದ್ದರಂತೆ. ಆಮೇಲೆ ಹೊಟ್ಟೆ ಕೆಳಗೆ ಮಾಡಿ ಉರುಳಿದರಂತೆ. ಕೊನೆಗೊಬ್ಬ ಕೋಲಿಗೆ ಬೆನ್ನು ತಿರುಗಿಸಿ ಹಾರಿದಾಗ ಜನ ನಕ್ಕರಂತೆ. ಪದಕ ಅವನಿಗೇ ಹೋಯಿತಂತೆ.

"ಉಸುಕಿನ್ಯಾಗ ಬೀಳೋರು ಕಾಲೂರಿ ಇಳೀಬೇಕಾಗ್ತಿತ್ತು, ತಂಗಿ. ಹಾಸಿಗಿ ಮೆತ್ತಗಾದಂಗ ಕೋಲು ಮ್ಯಾಲ ಹೋತು ನೋಡು," ಎನ್ನುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ನಾನು ಜಿಲ್ಲಾ ಕೂಟಕ್ಕೆ ಆಯ್ಕೆಯಾದೆ. ಅಲ್ಲಿ ಎಲ್ಲರೂ ಬೆನ್ನು ತಿರುಗಿಸಿ ಹಾರುವವರೇ. ಅದನ್ನು ಕಲಿಯದಿದ್ದರೆ ಹೋಗಿಯೂ ದಂಡ. ಸರಕಾರ ಕೊಟ್ಟ ಹಾಸಿಗೆ ನಮ್ಮಲ್ಲೇ ಇತ್ತು. ಹೊಲಸಾಗುತ್ತದೆಂದು ಹೆಡ್‌ಮಾಸ್ತರರು ಅದನ್ನು ಸಾಮಾನು ಕೋಣೆಯಲ್ಲಿಟ್ಟು ಬೀಗ ಜಡಿದಿದ್ದರು! ಸಾಹೇಬರು ತಪಾಸಣೆಗೆ ಬಂದಾಗಷ್ಟೇ ಹೊರಗೆ. ಫೋಟೊ ತೆಗೆಸಿ ಮತ್ತೆ ಒಳಗೆ. ಹಾಸಿಗೆ ಕೇಳಿ ಕೇಳಿ ಸಾಕಾದ ಪಿ.ಟಿ. ಮಾಸ್ತರರು ಗೋಣಿಚೀಲಗಳಲ್ಲಿ ಶೇಂಗಾ ಹೊಟ್ಟು ತುಂಬಿ ಉಸುಕಿನ ಮೇಲೆ ಹಾಸಿದರು.

"ಮೊದಲ ನಾ ಬೀಳ್ತೇನಿ. ಆಮ್ಯಾಲ ನೀ."

ದಿನಾಲೂ ಅದೇ ಪದ್ಧತಿ. ಆ ದಿನವೂ ಅವರೇ ಮೊದಲು ಓಡಿದರು. ಚೀಲಗಳು ಜರುಗಿದವು. ನಡುವಿನ ಗಟ್ಟಿ ಉಸುಕಿಗೆ ಅವರ ಕುತ್ತಿಗೆ ಬಡಿಯಿತು...

ಬಲಗೈ ಮತ್ತೆ ಮೇಲೇಳಲಿಲ್ಲ. ಅನುಮತಿ ಇಲ್ಲದೆ ಅಪಾಯದ ಜಿಗಿತ ಕಲಿಸಿದರೆಂದು ಶಾಲೆಯವರು ವರದಿ ಬರೆದರು. ಅದರಲ್ಲಿ ಬೀಗದ ಸುದ್ದಿ ಒಂದಕ್ಷರವೂ ಇಲ್ಲ. ನಾನು ಕೂಟಕ್ಕೆ ಹೋಗಲಿಲ್ಲ. ಆ ಹಾಸಿಗೆಯನ್ನು ಇಲಿಗಳು ತಿಂದವು. ಇಲಿಗಳಿಗಾದರೂ ಅದನ್ನು ಬಳಸುವ ಬುದ್ಧಿ ಇತ್ತು.

ಎಷ್ಟೋ ವರ್ಷ ಮಾಸ್ತರರನ್ನು ನೋಡಲು ಹೋಗುತ್ತಿದ್ದೆ. ಎಡಗೈಯಿಂದ ಚಹಾ ಕೊಟ್ಟು ನಗುತ್ತಿದ್ದರು. ಆ ನಗುವಿನ ಮೇಲೂ ನನಗೆ ಸಿಟ್ಟೇ. ಒಮ್ಮೆಯಾದರೂ ಯಾರನ್ನಾದರೂ ಬೈಯಬಾರದಿತ್ತೇ? ಹೋದ ವರ್ಷ ತೀರಿಕೊಂಡರು.

ಹೊಸ ಹಾಸಿಗೆಯ ಮುಂದೆ ನಿಂತಿದ್ದಾಗ ನಮ್ಮ ಈಗಿನ ಹೆಡ್‌ಮಾಸ್ತರರು ಬಂದರು.

"ಮೇಡಂ, ಪ್ಲಾಸ್ಟಿಕ್ ತೆಗೀಬ್ಯಾಡ್ರಿ. ಹೊಲಸಾಗತೈತಿ. ಒಳಗಿಟ್ಟು ಕೀಲಿ ಹಾಕ್ರಿ."

"ಹೊಲಸಾಗ್ಲಿ ಬಿಡ್ರಿ ಸರ್," ಎಂದವಳೇ ಹರಿದ ಮೂಲೆಗೆ ಕೈ ಹಾಕಿ ಉದ್ದಕ್ಕೂ ಸೀಳಿದೆ. ಅವರು ಏನೋ ಗೊಣಗುತ್ತ ಹೋದರು. ಹುಡುಗಿಯರು ಸಾಲಾಗಿ ನಿಂತರು. ಕೋಲು ಇಟ್ಟೆ. ಮೊದಲು ಬೀಳಬೇಕಾದವರು ಇಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ನಾನೇ ಓಡಿದೆ.